ನೀರಿನ ಋಣ

ಒಂದು ಊರನ್ನು ಅರಿಯಬೇಕಾದರೆ ಅದರ ಓಣಿಗಳಲ್ಲಿ ಅಡ್ಡಾಡಬೇಕು, ಅಲ್ಲಿಯವರು ಉಣ್ಣುವುದನ್ನೇ ಉಣ್ಣಬೇಕು ಎನ್ನುತ್ತಾರೆ. ಮಾತು ನಿಜ. ಆದರೆ ಉಂಡದ್ದಕ್ಕೆ ಹಣ ತೆತ್ತ ಮಾತ್ರಕ್ಕೆ ಊರಿನ ಋಣ ಹರಿಯಿತೇ?

ಕೊಪ್ಪಳ ಜಿಲ್ಲೆಯಲ್ಲಿ ತಿರುಗಿದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗಂಗಾವತಿಯ ಖಾನಾವಳಿಯಲ್ಲಿ ಅನ್ನ ಧಾರಾಳ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಆ ಸೀಮೆಯನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾಗಳತ್ತ ಹೊರಳಿದರೆ ಹೆಚ್ಚಾಗಿ ಮಳೆಯನ್ನೇ ನೆಚ್ಚಿದ ಹೊಲಗಳು, ಜೋಳ, ಸಜ್ಜೆ. ಅಲ್ಲಿ ಎಷ್ಟೋ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಒಳ್ಳೆಯ ನೀರಿಗೆ ಕೊಡ ಹಿಡಿದು ದೂರ ನಡೆಯಬೇಕು.

ಅಂಥದೊಂದು ಓಣಿಯಲ್ಲಿ, ಬೇಸಿಗೆಯ ಮಧ್ಯಾಹ್ನ, ರೊಟ್ಟಿ ಮಾರುವ ಅಜ್ಜಿಯ ಕಟ್ಟೆಯ ಮೇಲೆ ಕುಳಿತೆ. “ಮೊದಲ ನೀರ ಕುಡಿ, ತಮ್ಮಾ” ಎಂದು ತಂಬಿಗೆ ಇಟ್ಟಳು. ರೊಟ್ಟಿ, ಝುಣಕ, ಶೇಂಗಾ ಹಿಂಡಿ ಸೊಗಸಾಗಿದ್ದವು. ಇನ್ನೊಂದು ತಂಬಿಗೆ ಕೇಳಿದೆ. ಅರ್ಧ ಕುಡಿದು, ಉಳಿದುದರಲ್ಲಿ ಕೈ ತೊಳೆದೆ. ರೊಟ್ಟಿಗೆ ಹಣ ತೆಗೆದುಕೊಂಡಳು. ನೀರು ಲೆಕ್ಕಕ್ಕೆ ಬರಲಿಲ್ಲ. ಏಳುವ ಹೊತ್ತಿಗೆ ಮೊಮ್ಮಗಳು ತಲೆಯ ಮೇಲೆ ಕೊಡ ಹೊತ್ತು, ಬೆವರಿಳಿಸುತ್ತ ಬಂದಳು.

ನೀರಿಗೂ ಬೆಲೆ ಹೇಳಿದ್ದರೆ ನಾನು ಚೆಲ್ಲುತ್ತಿರಲಿಲ್ಲ. ಹಾಗೆಂದು ಅಜ್ಜಿ ಬೆಲೆ ಹೇಳಬೇಕಿತ್ತೇ? ಹೇಳಿದರೆ ನಾಳೆ ಬರಿಗೈಯ ದಾರಿಹೋಕನಿಗೆ ಆ ಕಟ್ಟೆ ಇಲ್ಲವಾದೀತು. ತಪ್ಪು ಕೊಟ್ಟವಳದಲ್ಲ. ಕೊಡುವವರು ಇಡದ ಲೆಕ್ಕವನ್ನು ಪಡೆಯುವವನೇ ಇಟ್ಟುಕೊಳ್ಳಬೇಕು. ಅಷ್ಟನ್ನು ಕಲಿಯದವನು ಎಷ್ಟು ಊರು ತಿರುಗಿದರೂ, ಎಷ್ಟು ರುಚಿ ಉಂಡರೂ, ಊರನ್ನು ಕಂಡವನಲ್ಲ.