ಹುಡುಕಿ, ಕೇಳಿ, ಆಲಿಸಿ



ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂತಿರುಗುತ್ತಿದ್ದ ಮಾತೆ ಮರಿಯ ಮತ್ತು ಸಂತ ಜೋಸೆಫರು, 12 ವರ್ಷದ ಮಗ ಬಂಧುಬಳಗದ ಜೊತೆಯಲ್ಲಿದ್ದಾನೆಂದೇ ತಿಳಿದಿದ್ದರು. ಇಲ್ಲವೆಂದು ಗೊತ್ತಾದದ್ದು ಒಂದು ದಿನದ ಪ್ರಯಾಣದ ನಂತರ. ಸಂತ ಲೂಕರ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಈ ಘಟನೆ ಇದೆ. ನಾವೂ ಹಾಗೆಯೇ. ಚೀಲ ಹೊತ್ತು ಹೊರಟ ಮಗು ಶಾಲೆಯಲ್ಲಿದೆ ಎಂದು ನಂಬಿರುತ್ತೇವೆ. ಹಾಜರಿ ಪುಸ್ತಕ ಬೇರೆಯದನ್ನೇ ಹೇಳುತ್ತದೆ.

ವಿಷಯ ತಿಳಿದೊಡನೆ ನಮ್ಮ ಕೈಗೆ ಬರುವುದು ಬೆತ್ತ, ಬಾಯಿಗೆ ಬರುವುದು ಬೈಗುಳ. ಪ್ರಭು ಯೇಸು ಉಳಿದುಕೊಂಡದ್ದು ಪಿತನ ಕಾರ್ಯಕ್ಕಾಗಿ. ನಮ್ಮ ಮಕ್ಕಳ ಕಾರಣಗಳು ಬೇರೆ. ಆದರೆ ಆ ತಂದೆತಾಯಿಗಳ ನಡತೆಯನ್ನು ಗಮನಿಸಿ. ಅವರು ಹಿಂದಕ್ಕೆ ನಡೆದು ಹುಡುಕಿದರು. ಸಿಕ್ಕಾಗ ತಾಯಿ ತಮ್ಮ ಕಳವಳವನ್ನು ಮುಚ್ಚಿಡದೆ ಏಕೆಂದು ಕೇಳಿದರು. ಮಗನ ಉತ್ತರ ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿ ಇಟ್ಟುಕೊಂಡರು.

ನೀವೂ ಏಕೆಂದು ಕೇಳಿ. ಕಾಫಿ ಕೊಯ್ಲಿನ ಕಾಲದಲ್ಲಿ ಕೂಲಿಗೆ ಹೋಗುವ ತಾಯಿ, ಕೂಸನ್ನು ನೋಡಿಕೊಳ್ಳಲೆಂದು ದೊಡ್ಡ ಮಗಳನ್ನು ಮನೆಯಲ್ಲಿ ನಿಲ್ಲಿಸುತ್ತಾಳೆ. ಅಲ್ಲಿ ಶಾಲೆ ತಪ್ಪಿಸಿದ್ದು ಮಗುವಲ್ಲ, ಬಡತನ. ಶೌಚಾಲಯ ಸರಿಯಿಲ್ಲದ ಶಾಲೆಗೆ ಮುಟ್ಟಿನ ದಿನಗಳಲ್ಲಿ ಹೋಗಲು ಹುಡುಗಿ ಹಿಂಜರಿಯುತ್ತಾಳೆ. ಲೆಕ್ಕ ಬಾರದ ಹುಡುಗ ಅವಮಾನಕ್ಕೆ ಅಂಜಿ ಬಸ್ ನಿಲ್ದಾಣದಲ್ಲಿ ದಿನ ಕಳೆಯುತ್ತಾನೆ. ಇನ್ನೊಬ್ಬನಿಗೆ ಭಾನುವಾರವೆಲ್ಲ ಆರೋಗ್ಯ, ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಅದನ್ನು ನಾಟಕವೆನ್ನಬೇಡಿ; ಆತಂಕವು ನಿಜವಾದ ನೋವಾಗಿಯೇ ದೇಹದಲ್ಲಿ ಕಾಣಿಸಿಕೊಳ್ಳಬಲ್ಲದು. ಮೊದಲು ವೈದ್ಯರಿಗೆ ತೋರಿಸಿ. ರೋಗವಿಲ್ಲವೆಂದಾದರೆ, ಯಾರಾದರೂ ಹೀಯಾಳಿಸುತ್ತಾರೆಯೇ, ಹೊಡೆಯುತ್ತಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ಮನೆಯಲ್ಲಿ ಕುಡಿತ, ಜಗಳವಿದ್ದರೆ, ತಾಯಿಯನ್ನು ಒಂಟಿಯಾಗಿ ಬಿಟ್ಟುಹೋಗಲು ಮಗು ಹೆದರುತ್ತಿರಬಹುದು. ಆಗ ತಿದ್ದಿಕೊಳ್ಳಬೇಕಾದವರು ಹಿರಿಯರು.

ತಡಮಾಡಬೇಡಿ. ದಿನ ಕಳೆದಷ್ಟೂ ಪಾಠ ಹಿಂದುಳಿಯುತ್ತದೆ, ಗೆಳೆಯರು ದೂರವಾಗುತ್ತಾರೆ, ಭಯ ಬಲಿಯುತ್ತದೆ. ತರಗತಿಯ ಶಿಕ್ಷಕರನ್ನು ಕಂಡು ಮಾತನಾಡಿ. ಬಹಳ ಹೆದರಿದ ಮಗುವಾದರೆ ಮೊದಲು ಒಂದೆರಡು ಗಂಟೆ, ಬಳಿಕ ಅರ್ಧ ದಿನ, ಹೀಗೆ ಹಂತಹಂತವಾಗಿ ಕಳುಹಿಸಲು ಶಾಲೆಯವರನ್ನು ಕೇಳಿಕೊಳ್ಳಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗು ಹಿಂಸೆಗೆ ಒಳಗಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ.

ನೆರೆಹೊರೆಯವರಿಗೂ ಒಂದು ಮಾತು. ಮರಿಯ ಮತ್ತು ಜೋಸೆಫರು ಮಗನನ್ನು ಮೊದಲು ಹುಡುಕಿದ್ದು ಸಹಪ್ರಯಾಣಿಕರ ನಡುವೆ. ಧರ್ಮಕೇಂದ್ರದವರಾದ ನಾವೆಲ್ಲರೂ ಸಹಪ್ರಯಾಣಿಕರೇ. ಶಾಲೆಯ ಹೊತ್ತಿನಲ್ಲಿ ಬೀದಿಯಲ್ಲಿ ಕಂಡ ಮಗುವಿನ ಬಗ್ಗೆ ಚಾಡಿ ಹೇಳುವುದು ಸುಲಭ. ಕೊಯ್ಲು ಮುಗಿಯುವವರೆಗೆ ಪಕ್ಕದ ಮನೆಯ ಕೂಸನ್ನು ಸರದಿಯಂತೆ ನೋಡಿಕೊಂಡರೆ, ಒಬ್ಬ ಹುಡುಗಿ ಶಾಲೆಗೆ ಹೋಗುತ್ತಾಳೆ. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಮಗೆ ಇದು ಹೊರೆಯೇ?

ಬಾಲಯೇಸು ತಂದೆತಾಯಿಗಳೊಡನೆ ನಜರೇತಿಗೆ ಮರಳಿ, ಜ್ಞಾನದಲ್ಲಿ ಬೆಳೆದರು. ದಾರಿ ತಪ್ಪಿದ ನಮ್ಮ ಮಕ್ಕಳೂ ಹುಡುಕಿ ಬಂದವರ ಕೈಹಿಡಿದು ಮರಳಲಿ. ಪವಿತ್ರ ಕುಟುಂಬವು ನಮಗಾಗಿ ಪ್ರಾರ್ಥಿಸಲಿ.