ಬೇಡದ ಗುಳಿಗೆ, ಬೇಕಾದ ಗುಳಿಗೆ

ಜತ್ತ ತಾಲ್ಲೂಕು ಅಂದರೆ ಹೊರಗಿನವರಿಗೆ ಬರಗಾಲ, ಗುಡ್ಡಾಪುರದ ದಾನಮ್ಮ. ಕುರಿ ಬಲ್ಲವರಿಗೆ ಮಾತ್ರ ಮಾಡಗ್ಯಾಳ. ಗಿಣಿಮೂಗಿನ ಎತ್ತರದ ಕುರಿತಳಿಗೆ ಆ ಊರಿನ ಹೆಸರೇ ಬಿದ್ದಿದೆ. ಕುರಿ ಇದ್ದಲ್ಲಿ ನಾಯಿ ಇರಬೇಕು. ನಿನ್ನೆಯ ಜೋಳದ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ ಇಟ್ಟರೆ ಅದರ ಊಟ ಮುಗಿಯಿತು.

ಪೇಟೆಯ ನಾಯಿಪ್ರಿಯರು ಇದನ್ನು ಕಂಡು ಅಯ್ಯೋ ಪಾಪ ಅನ್ನುತ್ತಾರೆ. ಅಷ್ಟೇನೂ ಮರುಗಬೇಕಿಲ್ಲ. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ 4ರಿಂದ 30ರವರೆಗೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮನುಷ್ಯರ ಜತೆ ಸಾವಿರಾರು ವರ್ಷ ಉಂಡದ್ದರ ಫಲ ಅದು. ತಂಗಳ ರೊಟ್ಟಿಯ ಪಿಷ್ಟದಲ್ಲಿ ಒಂದಿಷ್ಟು ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಬೇಕಾದ ಆಮ್ಲಗಳನ್ನು ಮಾಡಿಕೊಡುತ್ತವೆ. ಬರೀ ರೊಟ್ಟಿ ಸಾಲದು, ಮೊಟ್ಟೆಯೋ ಬೇಯಿಸಿದ ಮಾಂಸವೋ ಬೇಕು ಅನ್ನುವುದೂ ಖರೆ.   

ಊರ ಜಾತ್ರೆಯ ಮರುದಿನ ಎಲುಬು, ಕೊಬ್ಬು ಕಂಠಮಟ ತಿಂದ ನಾಯಿಯ ಹೊಟ್ಟೆ ಕೆಡುತ್ತದೆ. "ಅಣ್ಣಾರ, ನಾಯಿಗಿ ನಿನ್ನಿಯಿಂದ ನೀರಿನಂಗ ಹೊಂಟೈತ್ರಿ, ಎರಡು ಗುಳಿಗಿ ಕೊಡ್ರಿ." ಔಷಧಿ ಅಂಗಡಿಯಾತ ಮೆಟ್ರೋನಿಡಾಜೋಲ್ ಪಟ್ಟಿಯಿಂದ ಎರಡು ಹರಿದು ಕೊಡುತ್ತಾನೆ. ಚೂಟಿಯಾಗಿ ಓಡಾಡಿಕೊಂಡಿರುವ ನಾಯಿಯ ಇಂಥ ಭೇದಿ ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಗುಳಿಗೆಯಾದರೋ ಪಿತ್ತರಸವನ್ನು ಮಾರ್ಪಡಿಸಿ ಕರುಳನ್ನು ಹದದಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದುಹಾಕುತ್ತದೆ. ಅದು ಮತ್ತೆ ನೆಲೆಯೂರಲು ವಾರಗಟ್ಟಲೆ ಬೇಕು. ಕೆಲವು ನಾಯಿಗಳಲ್ಲಿ ಇನ್ನೂ ತಡ. ಲಸಿಕೆ ಹಾಕಿಸದ ನಾಯಿಮರಿ ವಾಂತಿ ಮಾಡಿಕೊಂಡು, ರಕ್ತ ಬೆರೆತ ಭೇದಿ ಮಾಡುತ್ತಿದ್ದರೆ ಮಾತ್ರ ಅದು ಪಾರ್ವೋ ವೈರಸ್ ರೋಗ ಇರಬಹುದು. ಆಗ ಮಜ್ಜಿಗೆಯೂ ಬೇಡ, ಅಂಗಡಿಯೂ ಬೇಡ, ನೇರ ಪಶು ಆಸ್ಪತ್ರೆ.

ಇನ್ನು ಯಾರೂ ಕೇಳಿ ಪಡೆಯದ ಗುಳಿಗೆ ಜಂತಿನದು. ಮಂದೆಯಲ್ಲಿ ಒಂದು ಕುರಿ ತಲೆ ವಾಲಿಸಿಕೊಂಡು ನಿಂತಲ್ಲೇ ಗಾಣದೆತ್ತಿನಂತೆ ಸುತ್ತತೊಡಗಿದರೆ ಕುರಿಗಾರನಿಗೆ ಗೊತ್ತು, ಇದು ಉಳಿಯುವುದು ಕಷ್ಟ. ಹಾಗೆ ಸುತ್ತುವ ಕುರಿಯ ಮಿದುಳಿನಲ್ಲಿ ಹಲವು ಸಲ ಒಂದು ನೀರುಗುಳ್ಳೆ ಇರುತ್ತದೆ. ಅದರ ಮೂಲ ಅದೇ ಮಂದೆ ಕಾಯುವ ನಾಯಿಯ ಕರುಳಿನ ಲಾಡಿಹುಳು. ನಾಯಿಯ ಮಲದಿಂದ ತತ್ತಿ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಮತ್ತೆ ನಾಯಿಯ ಹೊಟ್ಟೆಗೆ. ಕುರಿಯ ಪಿತ್ತಜನಕಾಂಗ, ಶ್ವಾಸಕೋಶದ ಗುಳ್ಳೆಗಳನ್ನು ಹಸಿಯಾಗಿ ತಿಂದ ನಾಯಿಯಿಂದ ಇಂಥದೇ ಇನ್ನೊಂದು ಹುಳು ಮನುಷ್ಯರ ಪಿತ್ತಜನಕಾಂಗಕ್ಕೂ ಬರುತ್ತದೆ. ಇಷ್ಟೆಲ್ಲ ಆದರೂ ನಾಯಿಯ ಹೊಟ್ಟೆ ಕೆಡುವುದಿಲ್ಲ, ಮೈಯಲ್ಲಿ ಹೊಳಪೂ ಇರುತ್ತದೆ. ಹಾಗಾಗಿಯೇ ಯಾರಿಗೂ ಅನುಮಾನ ಬಾರದು.

ಈ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಇದೆ. ನಾಯಿಯ ತೂಕ ನೋಡಿ ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂದು ಪಶುವೈದ್ಯರು ಹೇಳುತ್ತಾರೆ. ಸುತ್ತಿ ಸತ್ತ ಕುರಿಯ ತಲೆಯನ್ನು ನಾಯಿ ಕೆದರಿ ತೆಗೆಯಲಾಗದಷ್ಟು ಆಳಕ್ಕೆ ಹೂಳಬೇಕು. ಗುದ್ದಲಿ ಇಳಿಯದ ಕಲ್ಲುನೆಲವಾದರೆ ಸುಟ್ಟುಬಿಡಬೇಕು.