ಹೆತ್ತವರ ಋಣ ಮತ್ತು ವೃದ್ಧಾಶ್ರಮ

ಅಜೆಕಾರು, ಕಾರ್ಕಳದ ಕಡೆ ಎಷ್ಟೋ ಮನೆಗಳ ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದಾರೆ. ಊರಲ್ಲಿ ಉಳಿದವರು ವಯಸ್ಸಾದ ತಂದೆತಾಯಿ. ನೋಡಿಕೊಳ್ಳುವವರಿಲ್ಲದಾಗ ಅವರನ್ನು ಸಿಸ್ಟರುಗಳ ವೃದ್ಧಾಶ್ರಮಕ್ಕೆ ಸೇರಿಸುವುದು ಪಾಪವೇ?

ಹಾಗೆನ್ನಲಾಗದು. ಯೇಸುಸ್ವಾಮಿಯೂ ಶಿಲುಬೆಯ ಮೇಲಿಂದ ತಮ್ಮ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. 1839ರಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಕಣ್ಣು ಕಾಣದ ಮುದುಕಿಯೊಬ್ಬರನ್ನು ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. 2009ರಲ್ಲಿ ಸಂತಪದವಿಗೇರಿದ ಈ ತಾಯಿ ಸ್ಥಾಪಿಸಿದ 'ಬಡವರ ಕಿರಿಯ ಸಹೋದರಿಯರು' ಬೆಂಗಳೂರಿನಲ್ಲೂ ವೃದ್ಧರ ಸೇವೆ ಮಾಡುತ್ತಿದ್ದಾರೆ. ಆರೈಕೆಯನ್ನು ಇಂತಹ ಕೈಗಳಿಗೆ ಒಪ್ಪಿಸಬಹುದು.

ಆದರೆ ಮಕ್ಕಳಾಗಿರುವ ಹೊಣೆಯನ್ನು ಯಾರಿಗೂ ಒಪ್ಪಿಸಲಾಗದು. ದೇವರಿಗೆ ಕಾಣಿಕೆ ಎಂಬ ನೆಪದಲ್ಲಿ ಹೆತ್ತವರಿಗೆ ಸಲ್ಲಬೇಕಾದುದನ್ನು ತಪ್ಪಿಸುವವರನ್ನು ಯೇಸು ಗದರಿಸಿದ್ದು ಮಾರ್ಕನ ಶುಭಸಂದೇಶದಲ್ಲಿದೆ. ಆಶ್ರಮಕ್ಕೆ ದೊಡ್ಡ ದೇಣಿಗೆ ಕೊಟ್ಟು ವರ್ಷಕ್ಕೊಮ್ಮೆಯೂ ಮುಖ ತೋರಿಸದವರಿಗೂ ಆ ಮಾತು ಸಲ್ಲುತ್ತದೆ. ಸಿಸ್ಟರುಗಳು ಗಂಜಿ ಉಣಿಸಬಲ್ಲರು, ಮೈ ತೊಳೆಸಬಲ್ಲರು, ಜೊತೆಯಲ್ಲಿ ಕುಳಿತು ಜಪಸರ ಹೇಳಬಲ್ಲರು. ಹೆತ್ತ ಮಕ್ಕಳ ದನಿಯನ್ನು ಅವರು ಎಲ್ಲಿಂದ ತರಬೇಕು?

ಪ್ರಿಯರೇ, ದೂರವಿದ್ದರೆ ಭಾನುವಾರಕ್ಕೊಮ್ಮೆ ಫೋನಾದರೂ ಮಾಡಿ. ರಜೆಯಲ್ಲಿ ಬಂದಾಗ ಅವರನ್ನು ನಾಲ್ಕು ದಿನ ಮನೆಗೆ ಕರೆತನ್ನಿ. ತಂದೆತಾಯಿಯನ್ನು ಗೌರವಿಸಬೇಕೆಂಬ ದೇವರ ಕಟ್ಟಳೆ ಆಶ್ರಮದ ಗೇಟಿನ ಬಳಿ ಮುಗಿಯುವುದಿಲ್ಲ.